ಬಾಲವಿರುವ ಗೆರೆ

ಒಂದೇ ಮನೆಯ ಸೊಸೆಯರು, ಒಂದೇ ಕಚೇರಿಯ ಕೆಲಸಗಾರರು. ಪಾಳುಬಿದ್ದ ಕಟ್ಟಡಗಳನ್ನು ಕೆಡವುವ ಮೊದಲು ಒಳಹೊಕ್ಕು, ಯಾರಾದರೂ ಕದ್ದುಮುಚ್ಚಿ ವಾಸವಾಗಿದ್ದಾರೆಯೇ ಎಂದು ನೋಡಿ ಬರೆದುಕೊಡುವುದು ಅವರ ಕೆಲಸ. ನೋಡಿ ಮುಗಿಸಿದ ಕೋಣೆಯ ಚೌಕಟ್ಟಿಗೆ, ಮೊಣಕಾಲೆತ್ತರದಲ್ಲಿ, ಸೀಮೆಸುಣ್ಣದ ಗುರುತು ಹಾಕಿ ಹೊರಬರುವುದು ಕಟ್ಟಳೆ. ಹಿರಿಸೊಸೆಯದು ಬಾಲವಿರುವ ಗೆರೆ, ಕಿರಿಸೊಸೆಯದು ಸೊನ್ನೆ.

ಹಿರಿಯಳಿಗೆ ಈ ಕೆಲಸದಲ್ಲಿ ಇಪ್ಪತ್ತೆರಡು ವರ್ಷ, ಕಿರಿಯಳಿಗೆ ಬರೀ ಮೂರು. ಅಷ್ಟರಲ್ಲೇ ಆ ಪುಣ್ಯಾತ್ಗಿತ್ತಿ ಮನೆಯಲ್ಲಿ ಅತ್ತೆಯನ್ನೂ ಕಚೇರಿಯಲ್ಲಿ ಸಾಹೇಬರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಳು. ತುಕ್ಕು ಹಿಡಿದ ನಲ್ಲಿಯನ್ನು ಮುಟ್ಟಿ, "ಮೊನ್ನೆ ಇಲ್ಲಿ ಯಾರೋ ನೀರು ಹಿಡಿದಿದ್ದಾರೆ" ಅನ್ನುವಳು. ಹುಡುಕಿದರೆ ಅವಳ ಮಾತೇ ನಿಜವಾಗಿರುತ್ತಿತ್ತು. "ಎಂಥಾ ಕಣ್ಣಮ್ಮಾ ನಿಂದು!" ಎಂದು ಸಾಹೇಬರು ಹೊಗಳಿದಾಗಲೆಲ್ಲ ಹಿರಿಯಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಆ ಕಣ್ಣಿಗೆ ನೋಡುವುದನ್ನು ಕಲಿಸಿದ್ದು ಯಾರು? ತಾನಲ್ಲವೇ?

ಈಗ ತಂಡಕ್ಕೊಬ್ಬ ಮುಖ್ಯಸ್ಥೆ ಬೇಕಾಗಿತ್ತು. "ಈಗ ಕೆಡವೋಕಿರೋ ಹಳೇ ಹಾಸ್ಟೆಲಿನ ವರದಿ ನೋಡಿ ಹೇಳ್ತೀನಿ" ಅಂದುಬಿಟ್ಟರು ಸಾಹೇಬರು. ಕೆಳಗಿನ ಎರಡು ಮಹಡಿ ಹಿರಿಯಳ ಪಾಲಿಗೆ, ಮೇಲಿನ ಎರಡು ಕಿರಿಯಳ ಪಾಲಿಗೆ.

ಹಿರಿಯಳು ಹಿಂದಿನ ದಿನವೇ ಒಬ್ಬಳೇ ಹೋದಳು. ಮೂರನೆಯ ಮಹಡಿಯ ಮೂಲೆಕೋಣೆಯಲ್ಲಿ ಇಲ್ಲದ ಒಬ್ಬನಿಗೆ ಸಂಸಾರ ಹೂಡಿಕೊಟ್ಟಳು: ಒದ್ದೆ ಟವೆಲ್ಲು, ಸವೆದ ಸೋಪು, ಅರ್ಧ ಉರಿದ ಮೇಣದಬತ್ತಿ, ಬ್ರೆಡ್ಡಿನ ಚೂರು. ಗಂಡನ ಹಳೆಯ ಚಪ್ಪಲಿ ಮೆಟ್ಟಿ ಧೂಳಿನಲ್ಲಿ ಹತ್ತು ಸಲ ಓಡಾಡಿದಳು. ಕಿರಿಯಳು 'ಜನ ಇದ್ದಾರೆ' ಎಂದು ಬರೆಯಬೇಕು, ಯಂತ್ರಗಳು ನಿಲ್ಲಬೇಕು, ವಾರಗಟ್ಟಲೆ ಕಾದರೂ ನರಪಿಳ್ಳೆ ಸಿಗಬಾರದು. ಆಮೇಲೆ ಆ ಕಣ್ಣನ್ನು ಯಾರು ಹೊಗಳುತ್ತಾರೋ ನೋಡಿಯೇ ಬಿಡೋಣ!

ಮರುದಿನ ತನ್ನ ಪಾಲಿನ ಕೋಣೆಗಳನ್ನು ಸರಸರನೆ ಮುಗಿಸಿ, ಹಿರಿಯಳು ಸದ್ದಿಲ್ಲದೆ ಮೇಲೆ ಹತ್ತಿದಳು. ಎದುರು ಕೋಣೆಯ ಬಾಗಿಲ ಸಂದಿಯಿಂದ ಇಣುಕಿದಳು. ಕಿರಿಯಳು ಟವೆಲ್ಲು ಮುಟ್ಟಿದಳು. ಸೋಪು ಮೂಸಿದಳು. ಹೆಜ್ಜೆಗಳನ್ನು ನೋಡಿ ಚೀಲದಿಂದ ಕಾಗದ ತೆಗೆದು ಬರೆಯಲು ಶುರುಮಾಡಿದಳು. ಬಿದ್ದಳು ಬಲೆಗೆ ಎಂದು ಹಿರಿಯಳು ಒಳಗೊಳಗೇ ಕುಣಿದಳು.

ಬರೆಯುತ್ತಲೇ ಹೊರಗೆ ಬಂದ ಕಿರಿಯಳು ಗುರುತು ಹಾಕಲು ಚೌಕಟ್ಟಿನ ಬಳಿ ಕುಕ್ಕರುಗಾಲಿನಲ್ಲಿ ಕೂತಳು. ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತುಹೋಯಿತು. ಅಲ್ಲಿ ಬಾಲವಿರುವ ಗೆರೆಯೊಂದಿತ್ತು.

ಇಪ್ಪತ್ತೆರಡು ವರ್ಷದ ಅಭ್ಯಾಸ! ಹಿಂದಿನ ದಿನ ಹೊರಡುವಾಗ ಹಿರಿಯಳ ಕೈ ತನ್ನಷ್ಟಕ್ಕೆ ತಾನೇ ಎಳೆದುಬಿಟ್ಟಿತ್ತು.

ಕಿರಿಯಳು ಬಹಳ ಹೊತ್ತು ಆ ಗೆರೆಯನ್ನೇ ನೋಡಿದಳು. ಆಮೇಲೆ ನೀಲಿ ಕೋಟಿನ ತೋಳಿನಿಂದ ತಿಕ್ಕಿ ತಿಕ್ಕಿ ಅಳಿಸಿದಳು. ಒಳಗೆ ಹೋಗಿ ಟವೆಲ್ಲು, ಸೋಪು, ಮೇಣದಬತ್ತಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡಳು. ಬರೆದದ್ದನ್ನು ಹರಿದು ಹಾಕಿ ಬೇರೆ ಬರೆದಳು. ಮೆಟ್ಟಿಲ ಬಳಿ ನಿಂತು, ಕೆಳಗೆ ಮುಖ ಮಾಡಿ, "ಅಕ್ಕಾ, ನಿಮ್ಮದು ಮುಗೀತಾ?" ಎಂದು ಕೂಗಿದಳು. ಹಿರಿಯಳು ಉಸಿರು ಬಿಗಿಹಿಡಿದು ಬಾಗಿಲ ಹಿಂದೆಯೇ ನಿಂತಿದ್ದಳು.

ಸಂಜೆ ಸಾಹೇಬರು ಎರಡೂ ಕಾಗದ ಬಿಡಿಸಿದರು. ಎರಡರಲ್ಲೂ 'ಖಾಲಿ'.

"ಇಬ್ರದೂ ಒಂದೇ. ಹಾಗಾದ್ರೆ ಅನುಭವ ಜಾಸ್ತಿ ಇರೋರಿಗೇ ಕೊಡೋದು ಸರಿ. ನಾಳೆಯಿಂದ ನೀವೇ ಮುಖ್ಯಸ್ಥೆ ಕಣ್ರೀ" ಎಂದು ಹಿರಿಯಳ ಕಡೆ ತಿರುಗಿದರು.

"ನೀವೇ ಆಗ್ತೀರಿ ಅಂತ ನಾನು ಹೇಳಿರಲಿಲ್ವಾ ಅಕ್ಕಾ?" ಎಂದು ಮೊದಲು ಚಪ್ಪಾಳೆ ತಟ್ಟಿದವಳು ಕಿರಿಯಳೇ. ನಗುವಿನಲ್ಲಿ ಕುಹಕವಿದೆಯೇ ಎಂದು ಹಿರಿಯಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಎಳ್ಳಷ್ಟೂ ಸಿಗಲಿಲ್ಲ. ಎಲ್ಲರೆದುರು ತನ್ನ ಮಾನ ಕಳೆದಿದ್ದರೆ ಅವಳನ್ನು ಜೀವನಪೂರ್ತಿ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಈಗ ಅದೂ ಇಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದೆ!

ಬೇಕೆಂದ ಪದವಿ ಕೈಗೆ ಬಂದಿತ್ತು, ಹೊಟ್ಟೆಯ ಉರಿ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. ಚಪ್ಪಾಳೆ ತಟ್ಟುತ್ತಿದ್ದ ಕೈಯ ನೀಲಿ ತೋಳಿಗೆ ಸೀಮೆಸುಣ್ಣ ಇನ್ನೂ ಮೆತ್ತಿಕೊಂಡಿತ್ತು. ಒರೆಸಿಕೋ ಎಂದು ಹೇಳಲು ಹಿರಿಯಳಿಗೆ ಬಾಯಿ ಬರಲಿಲ್ಲ.