ಅಮಾಸಿ ದಿನದ ಪೇಪರು

ಎಂ.ಕಾಂ. ಎರಡನೆಯ ವರ್ಷಕ್ಕೆ ಯಾವ ಯಾವ ಪೇಪರು ತೆಗೆದುಕೊಳ್ಳಬೇಕೆಂಬುದನ್ನು ಮೇಘಾ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು, ಗಾಂಧಿನಗರದ ತನ್ನ ಬಾಡಿಗೆ ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಮದುವೆ ಸೀರೆಗೆ ಬ್ಲೌಸು ಹೊಂದಿಸುವವರು ಪಡುವ ಪಾಡನ್ನೆಲ್ಲ ಈ ಹುಡುಗಿ ಫೈನಾನ್ಸ್ ಪೇಪರುಗಳಿಗೆ ಪಟ್ಟಿದ್ದಳು. ಮೂರನೆಯ ಸೆಮಿಸ್ಟರಿಗೆ ಬ್ಯಾಂಕಿಂಗು, ಅದರ ಮಗ್ಗುಲಿಗೆ ಹೂಡಿಕೆ, ನಟ್ಟನಡುವೆ ಕೆಂಪು ಶಾಯಿಯಲ್ಲಿ ಡೆರಿವೇಟಿವ್ಸು. ಆ ಕೆಂಪು ಅಕ್ಷರದಿಂದ ಒಂದು ಬಾಣ ಹೊರಟು ನಾಲ್ಕನೆಯ ಸೆಮಿಸ್ಟರಿನ ರಿಸ್ಕ್ ಮ್ಯಾನೇಜ್‌ಮೆಂಟಿಗೆ, ಅಲ್ಲಿಂದ ಇನ್ನೊಂದು ಪ್ರಾಜೆಕ್ಟಿಗೆ. ಪ್ರಾಜೆಕ್ಟು ಸಿರುಗುಪ್ಪದ ಭತ್ತದ ಮೇಲೆ. ನಾಟಿ ಮಾಡುವಾಗ ಒಂದು ರೇಟು, ಕೊಯ್ಲಿಗೆ ಬಂದಾಗ ಇನ್ನೊಂದು. ನಾಳೆಯ ರೇಟನ್ನು ಇವತ್ತೇ ಗಟ್ಟಿ ಮಾಡಿಕೊಳ್ಳುವ ವಿದ್ಯೆಯೇ ಡೆರಿವೇಟಿವ್ಸು. ಅದೊಂದು ತಪ್ಪಿದರೆ ಎರಡೂ ಬಾಣ ಗಾಳಿಪಾಲು, ಅವಳ ಇಡೀ ವರ್ಷದ ಲೆಕ್ಕಾಚಾರ ತಲೆಕೆಳಗು.

ತೊಡಕೆಂದರೆ ಆ ಪೇಪರು ಅವಳ ಕಾಮರ್ಸ್ ವಿಭಾಗದಲ್ಲಿ ಇದುವರೆಗೆ ಒಮ್ಮೆಯೂ ನಡೆದಿರಲಿಲ್ಲ. ಹತ್ತು ಹೆಸರು ಬಿದ್ದರೆ ಮಾತ್ರ ಪೇಪರು, ಇಲ್ಲದಿದ್ದರೆ ಇಲ್ಲ ಎಂಬುದು ಅಲ್ಲಿಯ ನಿಯಮ. ಕಷ್ಟದ ಪೇಪರು ಎಂದು ಪ್ರತಿವರ್ಷ ಎಲ್ಲರೂ ಬೆನ್ನು ತೋರಿಸುತ್ತಿದ್ದರು. ಮೇಘಾ ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಮಿರ್ಚಿ ಬಜ್ಜಿ ತಿನ್ನಿಸಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತು, ನೋಟ್ಸು ಬರೆದುಕೊಡುತ್ತೇನೆಂದು ಆಸೆ ಹಚ್ಚಿ, ತನ್ನನ್ನೂ ಸೇರಿಸಿ ಸರಿಯಾಗಿ ಹತ್ತು ಜನರನ್ನು ಗಂಟು ಹಾಕಿದ್ದಳು. ವೆಬ್‌ಸೈಟಿನಲ್ಲಿ ಹೆಸರು ಹಚ್ಚುವ ದಿನ ಬಂದಾಗ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಫೋನ್ ಹಿಡಿದು ಎಲ್ಲ ತುಂಬಿದ್ದಳು, ಕೊನೆಯ ಗುಂಡಿ ಒತ್ತುವುದೊಂದು ಬಾಕಿ. ಅಷ್ಟರಲ್ಲಿ ಕುರುಗೋಡಿನಿಂದ ಅವ್ವ ಸುಮಂಗಲಾ ಫೋನ್ ಮಾಡಿದಳು.

"ಇವತ್ತು ಅಮಾಸಿ ಐತಿ, ಗೊತ್ತಿಲ್ಲೇನು? ಹೊಸಾದು ಏನೂ ಹಿಡಿಬ್ಯಾಡ. ನಾಳಿ ಪಾಡ್ಯ, ಜಳಕ ಮಾಡಿ ದೇವರಿಗಿ ಕೈ ಮುಗದು ಒತ್ತು."

ಎರಡು ದಿನ ಅವಕಾಶವಿದೆಯಲ್ಲ ಎಂದು ಮೇಘಾ ಗುಂಡಿ ಒತ್ತದೆ ಫೋನ್ ಬದಿಗಿಟ್ಟಳು. ಅಮಾವಾಸ್ಯೆಯನ್ನು ನಂಬುತ್ತಾಳೆಂದಲ್ಲ, ಸುಮ್ಮನೆ ಯಾಕೆ ಎದುರು ಹಾಕಿಕೊಳ್ಳಬೇಕು ಎಂದಷ್ಟೇ. ನಮ್ಮಲ್ಲಿ ಅರ್ಧ ಜನರ ಭಕ್ತಿ ಇಷ್ಟೇ ಇರುತ್ತದೆ.

ಊಟದ ಹೊತ್ತಿಗೆ ಯಾಕೋ ಮನಸ್ಸು ತಡೆಯದೆ ವಿಭಾಗದ ಸೂಚನೆಯನ್ನು ಮತ್ತೊಮ್ಮೆ ತೆರೆದು ಓದಿದಳು. ಎರಡನೆಯ ದಿನ ಇರುವುದು ತಪ್ಪು ತಿದ್ದಿಕೊಳ್ಳಲು ಮಾತ್ರ. ಹೊಸ ಹೆಸರು ಹಚ್ಚುವುದು ಇವತ್ತು ಸಂಜೆ ಐದಕ್ಕೆ ಮುಗಿಯುತ್ತದೆ, ಹತ್ತು ತುಂಬದ ಪೇಪರು ಅಲ್ಲಿಗೆ ರದ್ದು. ಹೇಗೂ ನಾಳೆ ಮಾಡುವುದು ತಾನೆ ಎಂದು ಯಾರೂ ಕೆಳಗಿನ ಸಾಲಿನ ತನಕ ಓದಿರಲಿಲ್ಲ. ಡೆರಿವೇಟಿವ್ಸಿನ ಮುಂದೆ ಬಿದ್ದಿದ್ದ ಹೆಸರು ಸೊನ್ನೆ. ನಾಳೆಯದನ್ನು ಇವತ್ತೇ ಗಟ್ಟಿ ಮಾಡಿಕೊಳ್ಳುವ ವಿದ್ಯೆಗೆ ಹೊರಟ ಹತ್ತು ಮಹಾಶಯರೂ ಇವತ್ತಿನದನ್ನು ನಾಳೆಗೆ ತಳ್ಳಿ ತಣ್ಣಗೆ ಕೂತಿದ್ದರು.

ಮೇಘಾ ಮೊದಲು ತನ್ನ ಗುಂಡಿ ಒತ್ತಿದಳು. ಒಬ್ಬೊಬ್ಬರಿಗೂ ಫೋನ್ ಹಚ್ಚಿದರೆ ಎತ್ತಿದವರದೆಲ್ಲ ಒಂದೇ ಉತ್ತರ: ಅಮಾಸಿ ಐತಿ, ಮನ್ಯಾಗ ಬ್ಯಾಡ ಅಂತಾರ. ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಬಂದಳು. ಬೀದಿಯುದ್ದಕ್ಕೂ ಅಂಗಡಿಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದು ಬಿದ್ದಿತ್ತು, ಗಲ್ಲಾಪೆಟ್ಟಿಗೆಗಳಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಪೂಜೆ ಮುಗಿಸಿದ ಅಂಗಡಿಯವರು ಆರಾಮಾಗಿ ವ್ಯಾಪಾರ ಮಾಡುತ್ತಿದ್ದರು. ಮೇಘಾ ಅಲ್ಲೇ ನಿಂತು ಹತ್ತೂ ಜನರ ವಾಟ್ಸಾಪ್ ಗುಂಪಿಗೆ ತನ್ನ ದನಿಯಲ್ಲೇ ಸಂದೇಶ ಕಳಿಸಿದಳು.

"ಲೇ, ಎಲ್ಲಾರೂ ಕೇಳ್ರಿಲೇ. ಸಂಜಿ ಐದಕ್ಕ ಎಲ್ಲಾ ಬಂದ್ ಆಕೈತಿ, ನಾಳಿ ಅನ್ನೋದು ಇಲ್ಲ. ಇಲ್ಲಿ ಅಂಗಡಿ ಅಂಗಡಿಗೂ ಅಮಾಸಿ ಪೂಜಿ ನಡದೈತಿ. ಲಕ್ಷ್ಮಿ ಪೂಜಿ ತಗೊಳ್ಳಾದು ಇವತ್ತ. ನಮ್ಮ ಫೈನಾನ್ಸ್ ಏನು ಬ್ಯಾರೆ ದೇವರದಾ? ಮನ್ಯಾಗ ಇಷ್ಟು ಹೇಳಿ ಗುಂಡಿ ಒತ್ತರಿ."

ಮೊದಲು ಗವಿಸಿದ್ದೇಶ್ ಉತ್ತರಿಸಿದ. "ನಮ್ಮಪ್ಪ ಕಿರಾಣಿ ಅಂಗಡಿ ಪೂಜಿ ಮಾಡಿ ಈಗ ಕುಂತಾನ. ಒತ್ತು ಅಂದ. ಒತ್ತಿದೆ." ಅವನ ಹಿಂದೆಯೇ ಇನ್ನೊಂದು, ಮತ್ತೊಂದು. ಫೋನು ಟಿಣ್ ಎಂದಾಗೆಲ್ಲ ಮೇಘಾಳಿಗೆ ರಸ್ತೆಯಲ್ಲೇ ಕುಣಿಯಬೇಕೆನ್ನಿಸುತ್ತಿತ್ತು. ಹೆಸರಿನ ಎಣಿಕೆ ಒಂಬತ್ತಕ್ಕೆ ಬಂದು ನಿಂತಿತು.

ಉಳಿದವಳು ಕಾವೇರಿ, ಸಿರುಗುಪ್ಪದವಳು, ಮೇಘಾಳ ಜೀವದ ಗೆಳತಿ. ಅವಳ ಫೋನ್ ಸ್ವಿಚ್ ಆಫ್. ಅವಳಪ್ಪ ಚಿದಾನಂದಪ್ಪನಿಗೆ ಹಚ್ಚಿದರೆ ನೀರಿನ ಸದ್ದಿನ ನಡುವೆ ಆತನ ದನಿ ಕೇಳಿಸಿತು. ಮನೆಮಂದಿಯೆಲ್ಲ ಅಮಾವಾಸ್ಯೆಯ ಸ್ನಾನಕ್ಕೆ ಕೆಂಚನಗುಡ್ಡದ ಹೊಳೆಗೆ ಬಂದಿದ್ದರು. ಮೇಘಾ ವಿಷಯ ಹೇಳಿದಳು.

"ಓದಾದು ಬರಿಯಾದು ಅಮಾಸಿ ದಿನ ಸುರು ಮಾಡ್ತಾರೇನವಾ? ನಾಳಿ ನೋಡಾಣ."

"ಕಾಕಾ, ಟ್ರ್ಯಾಕ್ಟರ್‌ಗಿ ಪೂಜಿ ಮಾಡಿದ್ರೇನ್ರಿ ಇವತ್ತು?"

"ಮಾಡದ ಬಿಡ್ತೀವೇನು? ತೊಳದು, ನಿಂಬಿಹಣ್ಣು ಕಟ್ಟಿ, ಕಾಯಿ ಒಡದೀವಿ."

"ಪೂಜಿ ಮಾಡಿ ಮನಿ ಮುಂದ ನಿಲ್ಲಿಸಿದ್ರೇನ್ರಿ?"

"ಯಾಕ ನಿಲ್ಲಿಸಲಿ? ಅದರಾಗ ಕುಂತ ಹೊಳಿಗಿ ಬಂದೀವಿ."

"ಮತ್ತ ಅಮಾಸಿ ದಿನ ಟ್ರ್ಯಾಕ್ಟರ್ ಓಡತೈತಿ ಅಂದ್ರ ಕಾವೇರಿನೂ ಓಡಲಿ ಬಿಡ್ರಿ ಕಾಕಾ."

ಚಿದಾನಂದಪ್ಪ ಹೋ ಎಂದು ನಕ್ಕುಬಿಟ್ಟ. "ಭಾಳ ಜೋರದಿ ಬಿಡವಾ ನೀನು" ಎನ್ನುತ್ತ ಫೋನನ್ನು ಮಗಳ ಒದ್ದೆ ಕೈಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಹತ್ತನೆಯ ಹೆಸರು ಬಿತ್ತು.

ಗೆದ್ದೆ ಎಂದು ಉಸಿರು ಬಿಟ್ಟು ನೋಡುತ್ತಾಳೆ, ಹತ್ತು ಹೆಸರಿನ ಕೆಳಗೆ ಇನ್ನೊಂದು ಸಾಲು: ಪಾಠ ಮಾಡುವವರ ಒಪ್ಪಿಗೆ ಬಾಕಿ ಇದೆ, ಅದೂ ಇವತ್ತು ಐದರೊಳಗೆ ಬೇಕು. ಮೇಘಾ ಸಿಕ್ಕ ಆಟೋ ಹತ್ತಿ ವಿಭಾಗಕ್ಕೆ ಹೊರಟಳು. ಕೋಟೆಗುಡ್ಡ ಬಲಕ್ಕೆ ಸರಿಯುತ್ತಿತ್ತು, ಗಡಿಯಾರ ಐದರ ಕಡೆ ಓಡುತ್ತಿತ್ತು.

ಜಂಬುನಾಥ ಸರ್ ತಮ್ಮ ಕೋಣೆಯಲ್ಲಿ ಕಂಪ್ಯೂಟರ್ ಮುಂದೆಯೇ ಕೂತಿದ್ದರು. ಪೇಪರಿಗೆ ಒಪ್ಪಿಗೆ ಕೊಡಬೇಕಾದವರು ಅವರೇ. ಏದುಸಿರು ಬಿಡುತ್ತ ಬಂದವಳನ್ನು ನೋಡಿ ಸಂಕೋಚದಿಂದ ನಕ್ಕರು.

"ಹತ್ತು ತುಂಬೈತಿ ನೋಡಿದೆನವಾ. ಭಾಳ ಖುಷಿ ಆತು. ಒಪ್ಪಿಗಿ ನಾಳಿ ಬೆಳಿಗ್ಗಿ ಕೊಡ್ತೀನಿ. ಇವತ್ತು ಅಮಾಸಿ."

ಮೇಘಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಐದರ ಗಡುವಿನ ಆ ಸಾಲನ್ನು ಅವರ ಮುಂದೆ ಹಿಡಿದಳು. ಸರ್ ಓದಿದರು, ಮುಖ ಸಣ್ಣದಾಯಿತು. ಆದರೂ ಕೈ ಮುಂದೆ ಹೋಗಲಿಲ್ಲ.

"ನಿನಗ ಗೊತ್ತಿಲ್ಲವಾ. ನಾನು ಕೆಲಸಕ್ಕ ಸೇರಿದಾಗಿಂದ ಈ ಪೇಪರ್ ಕೇಳಾಕ ಹತ್ತೀನಿ. ಪಾಠ ಎಲ್ಲಾ ತಯಾರ್ ಮಾಡಿ ಇಟ್ಟೀನಿ. ಒಂದು ಸಲನೂ ನಡೀಲಿಲ್ಲ. ಈ ಸಲಾನೂ ಕೆಟ್ಟ ಗಳಿಗ್ಯಾಗ ಸುರು ಮಾಡಿ ಮುರದು ಬಿದ್ರ..." ಮೇಘಾಳಿಗೆ ಅವರ ಮೇಲೆ ಬಂದಿದ್ದ ಸಿಟ್ಟೆಲ್ಲ ಇಳಿಯಿತು. ಈ ಪೇಪರಿನ ಹುಚ್ಚು ತನ್ನೊಬ್ಬಳದೇ ಎಂದುಕೊಂಡಿದ್ದಳು. ಇಲ್ಲಿ ತನಗಿಂತ ದೊಡ್ಡ ಹುಚ್ಚರು ಕೂತಿದ್ದರು.

"ಸರ್, ಹೋದ ಸಲ ಯಾವ ದಿನ ಒತ್ತಿದ್ರಿ?"

"ಪಂಚಾಂಗ ನೋಡೇ ಒತ್ತಿದ್ದೆ. ಶುಕ್ರವಾರ. ಅಮೃತಗಳಿಗಿ."

"ಎಷ್ಟು ಹೆಸರು ಬಿದ್ದುವ್ರಿ?"

"ನಾಕು."

"ಅಮೃತಗಳಿಗ್ಯಾಗ ನಾಕು, ಅಮಾಸಿ ದಿನ ಹತ್ತು. ಯಾವ ದಿನ ಚಲೋ ಅಂತ ನೀವ ಹೇಳ್ರಿ ಸರ್."

ಸರ್ ಕಾಲಿನ ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಒಮ್ಮೆ ಕೈ ಮುಗಿದು, ಗುಂಡಿ ಒತ್ತಿದರು. ಪೇಪರಿನ ಮುಂದೆ 'ಮಂಜೂರು' ಎಂಬ ಹಸಿರು ಅಕ್ಷರ ಮೂಡಿತು. ಇಬ್ಬರೂ ಮಕ್ಕಳ ಹಾಗೆ ನಕ್ಕರು.

"ಕ್ಲಾಸ್ ಯಾವಾಗಿಂದ ಸರ್?"

"ಟೈಮ್‌ಟೇಬಲ್ ಪ್ರಕಾರ ಮುಂದಿನ ತಿಂಗಳು." ಸರ್ ಎದ್ದು ನಿಂತು ಚಾಕ್‌ಪೀಸ್ ಹುಡುಕತೊಡಗಿದರು. "ಅಲ್ಲೀತನಕ ಯಾರು ಕಾಯ್ತಾರ? ಕುಂದರು. ಉಳದೋರಿಗೂ ಫೋನ್ ಹಚ್ಚು, ಕೇಳಲಿ."

ಮೇಘಾ ಎಲ್ಲರಿಗೂ ಒಟ್ಟಿಗೆ ಕರೆ ಹಚ್ಚಿ ಫೋನನ್ನು ಮೇಜಿನ ಮೇಲಿಟ್ಟಳು. ಗವಿಸಿದ್ದೇಶನ ಹಿಂದೆ ಅಂಗಡಿಯ ಗದ್ದಲ, ಅಪ್ಪನ ಫೋನಿನಲ್ಲಿದ್ದ ಕಾವೇರಿಯ ಹಿಂದೆ ಟ್ರ್ಯಾಕ್ಟರಿನ ಗುಡುಗುಡು. ಸರ್ ಬೋರ್ಡಿನ ಮೇಲೆ 'ಭತ್ತ' ಎಂದು ಬರೆದು, ನಾಟಿ ಮಾಡುವ ದಿನವೇ ಕೊಯ್ಲಿನ ರೇಟು ಹೇಗೆ ಗಟ್ಟಿ ಮಾಡುವುದೆಂದು ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಕಾವೇರಿಯ ಕಡೆಯ ಟ್ರ್ಯಾಕ್ಟರಿನ ಸದ್ದು ಗಕ್ಕನೆ ನಿಂತಿತು.

"ಸರ್ರ, ಒಂದು ಮಾತು," ಚಿದಾನಂದಪ್ಪನ ದನಿ ಬಂತು. "ಅದು ಕಡೀಗಿ ಹೇಳಿದ್ದು ಇನ್ನೊಮ್ಮೆ ಹೇಳ್ರಿ. ಗಾಡಿ ಸದ್ದಿನಾಗ ಕೇಳಲಿಲ್ಲ, ಈಗ ಬಂದ್ ಮಾಡೀನಿ."

ಸರ್ ಬೋರ್ಡನ್ನು ಒರೆಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು.