ಗಂಡಿನ ಕಡೆಯವನು

ಐಸ್ ಫ್ಯಾಕ್ಟರಿಯಲ್ಲಿ ಅವನಿಗೆ ಗಡ್ಡೆ ಹೊರುವ ಕೆಲಸ. ಹೆಗಲಿಗೆ ಗೋಣಿಚೀಲ ಹಾಕಿಕೊಂಡು, ಕೊಕ್ಕೆಯಿಂದ ಎಳೆದ ಮಂಜುಗಡ್ಡೆಯನ್ನು ಹೊತ್ತು ಲಾರಿಗೆ ತುಂಬಬೇಕು. ಹೊತ್ತು ಹೊತ್ತು ಮೈ ಬಾಗಿಲಿನಷ್ಟು ಅಗಲವಾಗಿತ್ತು. ಆದರೆ ಮನುಷ್ಯ ಮಹಾ ಪುಕ್ಕಲ. ಯಾರಾದರೂ ದನಿ ಏರಿಸಿದರೆ ಸಾಕು, ನಾಲಿಗೆ ಒಣಗುತ್ತಿತ್ತು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಪೆಟ್ಟು ತಿಂದು ಅಳುತ್ತಾ ಬಂದಾಗಲೆಲ್ಲ ಅಪ್ಪ ಕೇಳುತ್ತಿದ್ದದ್ದು ಒಂದೇ ಮಾತು: "ನೀನು ಯಾವ ಸೀಮೆ ಗಂಡಸೋ?"

ಆ ಮಾತು ಕೇಳಿಸದ ಜಾಗ ಅಂದುಕೊಂಡೇ ಅವನು ಒಂದು ಭಾನುವಾರ ಟೈಲರ್ ಅಂಗಡಿಯ ಮೇಲಿನ ಕೋಣೆಗೆ ಹೋದದ್ದು. ಅಲ್ಲಿ ಸೇರುತ್ತಿದ್ದವರೆಲ್ಲ ಅವನ ಹಾಗೆಯೇ ಗಂಡಸರ ಮೇಲೆ ಮನಸ್ಸಿದ್ದ ಗಂಡಸರು. ವಯಸ್ಸಾದ ಟೈಲರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ದೊಡ್ಡಮ್ಮ ಅವನನ್ನು ಅಳತೆ ತೆಗೆಯುವ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಇಲ್ಲಿರೋದು ಎರಡೇ ಪಾರ್ಟಿ ಕಣಪ್ಪ. ಗಂಡಿನ ಕಡೆ, ಹೆಣ್ಣಿನ ಕಡೆ. ನಿನ್ನನ್ನ ಕೇಳೋದೇನಿದೆ! ಪೈಲ್ವಾನ್ ಬಂದ್ರು, ಜಾಗ ಬಿಡ್ರೋ!"

"ನಾನು ಹಾಗಲ್ಲ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಕೋಣೆಯೆಲ್ಲ ನಗು. ಅವನೂ ನಕ್ಕುಬಿಟ್ಟ; ಅಂದಿನಿಂದ ಎಲ್ಲರಿಗೂ ಅವನು ಪೈಲ್ವಾನ. ತನ್ನನ್ನು ಕಂಡು ಅಷ್ಟು ಜನ ಖುಷಿಪಟ್ಟಿದ್ದು ಅದೇ ಮೊದಲು.

ಹೆಣ್ಣಿನ ಕಡೆಗೆ ಹಾಕಿದ್ದವರಲ್ಲಿ ಒಬ್ಬ ನರ್ಸ್ ಇದ್ದ. ಸಣಕಲ, ಮೆತ್ತಗಿನ ಮಾತು. ಎಲ್ಲರೂ 'ಮದುಮಗಳು' ಎಂದು ರೇಗಿಸುತ್ತಿದ್ದರು. ಜ್ವರ ತಲೆಗೇರಿ ಹೊಡೆಯಲು ಬರುವ ರೋಗಿಗಳನ್ನು ಅವನು ಒಬ್ಬನೇ ಮಂಚಕ್ಕೆ ಒತ್ತಿ ಹಿಡಿಯುತ್ತಿದ್ದ. ಆ ಸಂಗತಿ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಜೋಡಿ ಮಾಡಿದ್ದು ದೊಡ್ಡಮ್ಮ. ಮಾಡಿಸಿದ ಜೋಡಿಯಾದರೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಇರಲಾಗದ ಹಾಗಾಯಿತು.

ಒಂದು ಮಧ್ಯಾಹ್ನ ನರ್ಸಿನ ಬಾಡಿಗೆ ಕೋಣೆಯಲ್ಲಿ ಪೈಲ್ವಾನ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ನರ್ಸ್ ಕೂದಲಲ್ಲಿ ಬೆರಳಾಡಿಸುತ್ತಿದ್ದರೆ ಸುಮ್ಮಸುಮ್ಮನೆ ಕಣ್ಣು ತುಂಬಿತು. ತನ್ನ ಪುಕ್ಕಲುತನವನ್ನೆಲ್ಲ ಹೇಳಿಬಿಡೋಣ ಅನ್ನಿಸಿತು.

"ಏನ್ರೀ ಯಜಮಾನ್ರೇ, ಅಳೋದಾ?" ನರ್ಸ್ ನಕ್ಕ. "ದೊಡ್ಡಮ್ಮನ ಕೋಣೆಯವರಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಪೈಲ್ವಾನ ಎದ್ದು ಕೂತ. ಕಣ್ಣಿಗೆ ಧೂಳು ಬಿತ್ತು ಅಂದ.

ಅದಾದ ಸ್ವಲ್ಪ ದಿನಕ್ಕೆ, ಸಂಜೆ ಇಬ್ಬರೂ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಬರುತ್ತಿದ್ದರು. ಗೋಡೆಗೆ ಒರಗಿದ್ದ ಮೂವರು ಅಡ್ಡ ಬಂದರು.

"ಏನಮ್ಮಾ, ಗಂಡನ ಜೊತೆ ವಾಕಿಂಗಾ?"

ಬೇರೆ ದಿನವಾಗಿದ್ದರೆ ನರ್ಸ್ ತಲೆ ತಗ್ಗಿಸಿ ಬಿರಬಿರನೆ ಹೋಗಿಬಿಡುತ್ತಿದ್ದ. ಅವತ್ತು ನಿಂತ. "ಹೂಂ, ಗಂಡನೇ. ಧೈರ್ಯ ಇದ್ರೆ ಮುಂದೆ ಬಾ."

ಅವರಲ್ಲೊಬ್ಬ ಮುಂದೆ ಬಂದ. ಅವನ ಕೈಯಲ್ಲಿ ಬಾಟಲಿಯಿತ್ತು. ನರ್ಸ್ ಕದಲಲಿಲ್ಲ, ಪಕ್ಕಕ್ಕೆ ಒಮ್ಮೆ ನೋಡಿದ ಅಷ್ಟೆ. ಪೈಲ್ವಾನನ ಕೈಗಳು ತೊಡೆಗೆ ಅಂಟಿಕೊಂಡಂತಿದ್ದವು. ಗಾಜು ಒಡೆದ ಸದ್ದು, ನರ್ಸಿನ ಚೀತ್ಕಾರ ಎರಡೂ ಒಟ್ಟಿಗೆ ಕೇಳಿದವು. ಆಮೇಲೆ ಪೈಲ್ವಾನ ನೆಲಕ್ಕೆ ಬಿದ್ದ ನರ್ಸನ್ನು ತಬ್ಬಿ ಮೇಲೆ ಮಲಗಿದ. ಒದೆಗಳೆಲ್ಲ ಅವನ ಬೆನ್ನಿಗೆ ಬಿದ್ದವು. ಜನ ಸೇರುವವರೆಗೂ ಅವನು ಏಳಲಿಲ್ಲ. ಆದರೆ ಅಷ್ಟರಲ್ಲೇ ನರ್ಸಿನ ಎಡಗಣ್ಣು ಹೋಗಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ದೊಡ್ಡಮ್ಮ ಅವನ ಎದೆಗೆ ಗುದ್ದಿ ಗುದ್ದಿ ಅತ್ತರು. "ಕೋಣನ ಹಾಗೆ ಮೈ ಬೆಳೆಸಿಕೊಂಡು ನಿಂತು ನೋಡಿದ್ಯಲ್ಲೋ! ಯಾವ ಸೀಮೆ ಗಂಡಸೋ ನೀನು?"

ಅವನು ಗೋಡೆ ಹಿಡಿದುಕೊಂಡ. ಬೆನ್ನೆಲ್ಲ ಬಾಸುಂಡೆ ಎದ್ದಿತ್ತು. ಯಾರಿಗೂ ತೋರಿಸಲಿಲ್ಲ.

ಎರಡು ದಿನ ಬಿಟ್ಟು ನರ್ಸಿನ ಅಮ್ಮ ಔಷಧಿ ತರಲು ಹೋದ ಹೊತ್ತಲ್ಲಿ ಒಳಗೆ ಹೋದ. ಅರ್ಧ ಮುಖಕ್ಕೆ ಬ್ಯಾಂಡೇಜು. ಪೈಲ್ವಾನ ಸ್ಟೂಲಿನ ತುದಿಯಲ್ಲಿ ಕೂತು ಅಂದ, "ನನಗೆ ಹೊಡೆಯೋಕೆ ಬರಲ್ಲ. ಯಾವತ್ತೂ ಯಾರಿಗೂ ಹೊಡೆದಿಲ್ಲ. ಭಯ ಆಗುತ್ತೆ."

ನರ್ಸ್ ಬ್ಯಾಂಡೇಜಿಲ್ಲದ ಕಣ್ಣನ್ನು ಅವನ ಕಡೆ ತಿರುಗಿಸಿದ.

"ಅಲ್ವೋ, ರೋಗಿಗಳನ್ನ ದಿನಾ ಹಿಡಿಯೋನು ನಾನು. ನನಗೆ ಕೈಯಿರಲಿಲ್ವಾ? ನಿನ್ನನ್ನ ನಂಬಿ ಕೈ ಕಟ್ಟಿ ನಿಂತೆ. ಮೊದಲೇ ಹೇಳಿದ್ರೆ ಇಬ್ರೂ ಓಡ್ತಿದ್ವಲ್ಲೋ."

"ಒಂದ್ಸಲ ಹೇಳೋಕೆ ಬಂದಿದ್ದೆ."

"ಗೊತ್ತು," ಎಂದ ನರ್ಸ್. "ನಾನು ನಕ್ಕೆ."

ಪೈಲ್ವಾನ ಕೈ ಚಾಚಿದ. ನರ್ಸ್ ಅದನ್ನು ಹಿಡಿದುಕೊಂಡ, ನಾಡಿ ನೋಡುವವನ ಹಾಗೆ. ಆಮೇಲೆ ಬಿಟ್ಟು, "ಇನ್ನು ಬರಬೇಡ. ನಿನ್ನ ಮೇಲೆ ಕೋಪ ಇಲ್ಲ. ನೋಡೋಕೆ ಆಗಲ್ಲ, ಅಷ್ಟೆ," ಎಂದು ಗೋಡೆಯ ಕಡೆ ಹೊರಳಿದ.

ಆ ವಾರವೇ ನರ್ಸಿನ ಅಮ್ಮ ಮಗನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಕೆಲವು ತಿಂಗಳಾದ ಮೇಲೆ ದೊಡ್ಡಮ್ಮ ಫ್ಯಾಕ್ಟರಿ ಗೇಟಿಗೆ ತಾವೇ ಬಂದರು. ಆದದ್ದಾಯಿತು, ಭಾನುವಾರ ಬಾ, ಎಲ್ಲರೂ ಕೇಳುತ್ತಾರೆ ಎಂದರು. ಅವನು ಅವರಿಗೆ ಚಹಾ ಕೊಡಿಸಿದ, ಬಸ್ಸಿನವರೆಗೂ ಹೋಗಿ ಹತ್ತಿಸಿದ. ಬರುತ್ತೇನೆ ಅನ್ನಲಿಲ್ಲ, ಹೋಗಲೂ ಇಲ್ಲ.