ಹತ್ತು ಖಾಲಿ ಕುರ್ಚಿ

ಅಳಿಯನ ಉದ್ಯೋಗವೇನು ಎಂದು ಗುತ್ತಲದಲ್ಲಿ ಯಾರಾದರೂ ಕೇಳಿದರೆ ಮಲಂಗಸಾಬರದು ಒಂದೇ ಉತ್ತರ: "ಸೈಕಲ್ ತುಳೀತಾನ."

ಹದಿನಾಲ್ಕು ವರ್ಷದಿಂದ ಅಬ್ದುಲಗನಿ ಈ ಮಾತನ್ನು ನುಂಗಿಕೊಂಡು ಬಂದಿದ್ದ. ಸುಳ್ಳು ಎನ್ನುವಂತೆಯೂ ಇರಲಿಲ್ಲ. ಬ್ಯಾಡಗಿಯ ಒಂದು ಸೇವಾ ಸಂಸ್ಥೆಯಲ್ಲಿ ಅವನ ನೌಕರಿ. ಬೆಳಗಾದರೆ ಸೈಕಲ್ ಹತ್ತುವುದು, ಕೂಲಿಯ ಮೇಲೆ ಬದುಕುವವರನ್ನು ಹುಡುಕಿ ಒಂದು ಕಸುಬು ಕಲಿಸುವುದು, ಬ್ಯಾಂಕಿನ ಮ್ಯಾನೇಜರನೆದುರು ಕೂರಿಸಿ ಧೈರ್ಯ ಹೇಳುವುದು, ಅವರು ತಮ್ಮ ಕಾಲ ಮೇಲೆ ನಿಂತರೆಂದರೆ ಮುಂದಿನವರನ್ನು ಹುಡುಕಲು ಮತ್ತೆ ಸೈಕಲ್ ಹತ್ತುವುದು. ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದರೆ ಅವರು ತಾಳ್ಮೆಯಿಂದ ಕೇಳಿ, "ಅಂದ್ರ ಸೈಕಲ್ ತುಳೀತಿ, ಹೌದಲ್ಲೋ?" ಎನ್ನುತ್ತಿದ್ದರು.

ತೊಂಬತ್ತೊಂದರಲ್ಲಿ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿತು. ಉತ್ತಮ ಕಾರ್ಯಕರ್ತನೊಬ್ಬನಿಗೆ ಶಾಲು, ಹಾರ, ಫಲಕ ಕೊಟ್ಟು ಸನ್ಮಾನ ಮಾಡುವುದೆಂದು ಗೊತ್ತಾಯಿತು. ಕಣದಲ್ಲಿ ಉಳಿದವರು ಇಬ್ಬರು: ಅಬ್ದುಲಗನಿ, ಮತ್ತು ರಾಣೆಬೆನ್ನೂರಿನ ಹೊಲಿಗೆ ಕೇಂದ್ರ ನಡೆಸುವ ಸೋಮಪ್ಪ. ಕಾರ್ಯದರ್ಶಿಗಳು ಇಬ್ಬರನ್ನೂ ಕರೆದು ನಿಯಮ ಹೇಳಿದರು: "ನಿಮ್ಮ ಕೈಯಾಗ ಉದ್ಧಾರ ಆದೋರು ಹತ್ತ ಮಂದಿ ಮುಂದಿನ ಸಾಲಿನಾಗ ಕುಂತಿರಬೇಕು. ಅಧ್ಯಕ್ಷರು ಎಣಸ್ತಾರ. ನಿಂತೋರು ಲೆಕ್ಕಕ್ಕಿಲ್ಲ."

ಅಬ್ದುಲಗನಿಯ ಹೆಂಡತಿ ಸಕೀನಾಬಿ ಅಂದೇ ಗುತ್ತಲಕ್ಕೆ ಹೇಳಿಕಳಿಸಿದಳು. "ಅಬ್ಬಾನ ಕಣ್ಮುಂದ ನಿಮಗ ಶಾಲು ಹಾಕ್ಲಿ. ಆಮ್ಯಾಲೆ ಸೈಕಲ್ ಸುದ್ದಿ ಹೆಂಗ ತಗೀತಾರ, ನಾನೂ ನೋಡ್ತೇನಿ."

ಹತ್ತೇನು, ನೂರು ಮಂದಿ ತರುತ್ತೇನೆ ಎಂದುಕೊಂಡು ಅಬ್ದುಲಗನಿ ಮೊದಲು ಬಸ್‌ಸ್ಟ್ಯಾಂಡಿನ ಗುಡ್ಡವ್ವನ ಹೂವಿನ ಅಂಗಡಿಗೆ ಹೋದ. ಐದು ವರ್ಷದ ಹಿಂದೆ ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ.

"ನಾ ಹೆಂಗ ಬರ್ಲಿ ಸಾಹೇಬ್ರ? ನಿಮ್ಮ ಸಭಾಕ್ಕ ಹಾರ ಕಟ್ಟೋದ ನಾನು. ಅವತ್ತ ಮೆಣಸಿನಕಾಯಿ ಪ್ಯಾಟಿ ಬ್ಯಾರೆ."

"ಕಟ್ಟಿ ಕೊಟ್ಟು, ಬಂದು ಕುಂದ್ರವ್ವ."

"ಗಿರಾಕಿ ಬರೋ ಹೊತ್ತಿನ್ಯಾಗ ಅಂಗಡಿ ಬಿಟ್ಟು ಏಳಬ್ಯಾಡ ಅಂತ ಹೇಳಿದೋರು ಯಾರ್ರಿ? ನೀವ ಅಲ್ಲೇನು?"

ಹೇಳಿದ್ದು ಖರೆ. ಅದೇ ಅವನಿಗೆ ಮುಳುವಾಯಿತು. ಹೋದ ಹೋದಲ್ಲಿ ಅವನು ಕಲಿಸಿದ ಪಾಠವನ್ನೇ ಅವನಿಗೆ ಒಪ್ಪಿಸಿದರು. ಮೈಕಿನ ಅಂಗಡಿಯ ಕುತುಬುದ್ದೀನ, "ಅವತ್ತ ಮೈಕ್ ನಂದ ಐತ್ರಿ. ನಾ ಕುರ್ಚ್ಯಾಗ ಕುಂತ್ರ ಅದು ಕುಂಯ್ ಅಂದಾಗ ಕಿವಿ ಹಿಂಡೋರ್ಯಾರು?" ಎಂದ. ಮಂಡಕ್ಕಿ ಮಿರ್ಚಿಯ ಕರೆವ್ವ, "ಸಭಾದ ನಾಷ್ಟಾ ನಂದು. ಕಡಾಯಿ ಒಲಿ ಮ್ಯಾಲ ಇಟ್ಟು ಕುರ್ಚಿ ಏರಲೇನ್ರಿ?" ಎಂದಳು. ಒಬ್ಬ ಎತ್ತು ಕೊಳ್ಳಲು ಹೊರಟಿದ್ದ, ಇನ್ನೊಬ್ಬಳು ಮಗಳಿಗೆ ಗಂಡು ನೋಡಲು. ಮೂರು ದಿನ ಸುತ್ತಿದರೂ ಒಬ್ಬರಿಗೂ ಬಿಡುವಿಲ್ಲ.

ಸೋಮಪ್ಪನಿಗೆ ಈ ಕಷ್ಟವೇ ಇರಲಿಲ್ಲ. ಅವನ ಕೇಂದ್ರದಲ್ಲಿ ಆರು ವರ್ಷದಿಂದ ಅದೇ ಹತ್ತು ಹೆಂಗಸರು ಕಾಜಾ ಹಾಕುವುದನ್ನು ಕಲಿಯುತ್ತಿದ್ದರು.

"ನನ್ನ ಮಂದಿ ನನ್ನ ಬಿಟ್ಟು ಎಂದೂ ಹೋಗಿಲ್ಲ ನೋಡಪಾ ಗನಿ," ಎಂದ ಅವನು ಹೆಮ್ಮೆಯಿಂದ. "ಕಲಿಸಿ ಕಳಿಸಿಬಿಟ್ರ ಕೇಂದ್ರ ನಡಿಯೋದು ಹೆಂಗ?"

ಸಭೆ ಸೇರಿದ್ದು ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ. ಗಾಳಿ ಬೀಸಿದಾಗಲೆಲ್ಲ ಘಾಟು ನೇರ ಪೆಂಡಾಲಿಗೆ ನುಗ್ಗುತ್ತಿತ್ತು. ಊರಿನವರಿಗೆ ಅದು ಅಭ್ಯಾಸ. ಪರಸ್ಥಳದ ಅಧ್ಯಕ್ಷರು ಮಾತ್ರ "ಬಂಧುಗಳೇ" ಎಂದೊಮ್ಮೆ, "ಆಕ್ಷೀ" ಎಂದೊಮ್ಮೆ ಭಾಷಣ ಮುಂದುವರಿಸಿದರು. ಮುಂದಿನ ಸಾಲಿನ ಎಡಕ್ಕೆ ಸೋಮಪ್ಪನ ಹತ್ತು ಹೆಂಗಸರು, ಒಂದೇ ಬಣ್ಣದ ಸೀರೆ ಉಟ್ಟು, ಗೊಂಬೆಗಳ ಹಾಗೆ ಕೂತಿದ್ದರು. ಬಲಕ್ಕೆ ಹತ್ತು ಖಾಲಿ ಕುರ್ಚಿ. ಮೂರನೆಯದರ ಕೆಳಗೆ ಒಂದು ನಾಯಿ ಮಲಗಿತ್ತು.

ಅದರ ಹಿಂದಿನ ಸಾಲಿನಲ್ಲೇ ಮಲಂಗಸಾಬರು, ಒಂದು ಪಕ್ಕಕ್ಕೆ ಸಕೀನಾಬಿ, ಇನ್ನೊಂದು ಪಕ್ಕಕ್ಕೆ ಮಗ ಮಹಮ್ಮದಗೌಸ. ಮಲಂಗಸಾಬರು ಎತ್ತಿನ ವ್ಯಾಪಾರಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವುದು ಅವರ ಚಟ. "ಏಕ್, ದೋ, ತೀನ್..." ಎಂದು ಕುರ್ಚಿಗಳನ್ನು ಎಣಿಸಿ ಮಗಳ ಕಡೆ ತಿರುಗಿದರು. "ಹತ್ತು ಕುರ್ಚಿ. ಹತ್ತರಾಗಿನವರೂ ಉದ್ಧಾರ ಆಗಿ ಹೋಗ್ಯಾರ ಬಿಡವಾ."

ಸಕೀನಾಬಿ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ಘಾಟಿಗೆ ಎಂದು ಪಕ್ಕದವರು ತಿಳಿದರು.

ಅಧ್ಯಕ್ಷರು ಇಳಿದು ಬಂದು ಎಣಿಸಿದರು. ಎಡಕ್ಕೆ ಹತ್ತು. ಬಲಕ್ಕೆ ಒಂದು ನಾಯಿ. ಎರಡು ಸೀನಿನ ನಡುವೆ ಸೋಮಪ್ಪನ ಹೆಸರು ಹೊರಬಿತ್ತು. ಹತ್ತು ಜೊತೆ ಕೈಗಳು ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿದವು. ಆರು ವರ್ಷದಲ್ಲಿ ಅದೊಂದನ್ನು ಅವರು ಚೆನ್ನಾಗಿ ಕಲಿತಿದ್ದರು. ಪೆಂಡಾಲಿನ ಕಂಬ ಹಿಡಿದು ನಿಂತಿದ್ದ ಅಬ್ದುಲಗನಿಗೆ, ಮುಂದಿನ ಹದಿನಾಲ್ಕು ವರ್ಷ ಮಾವ ಏನೇನು ಅನ್ನಬಹುದೆಂಬುದು ಈಗಲೇ ಕಿವಿಯಲ್ಲಿ ಕೇಳಿಸತೊಡಗಿತು.

ನಾಷ್ಟಾ ಬಂತು. ನಾಲ್ಕು ಮಿರ್ಚಿ ತಿಂದ ಮೇಲೆ ಮಲಂಗಸಾಬರು ಐದನೆಯದನ್ನು ಬೆರಳಲ್ಲಿ ಹಿಚುಕಿ ನೋಡಿ, ಒಲೆಯ ಹತ್ತಿರ ಹೋದರು.

"ಒಂಚೂರೂ ಎಣ್ಣಿ ಕುಡಿದಿಲ್ಲಲ್ಲಬೇ ಇದು. ಎಲ್ಲಿ ಕಲ್ತಿ?"

"ನಾಕು ವರ್ಷದ ಹಿಂದ ಮಂದಿ ಹೊಲದಾಗ ಕಳೆ ತಗೀತಿದ್ದೆ ಯಜ್ಜಾ," ಎಂದಳು ಕರೆವ್ವ. "ಅಲ್ಲಿ ಕಂಬ ಹಿಡಕೊಂಡು ಮಾರಿ ಸಣ್ಣ ಮಾಡ್ಯಾರಲ್ಲ, ಗನಿಸಾಹೇಬ್ರು, ಅವ್ರು ಹೋಟೆಲ್ಲಿಗೆ ಹಚ್ಚಿ ಕಲಿಸಿದ್ರು. ಮೊದಲ ಒಂದ ತಿಂಗಳು ನಾ ಕರಕ್ ಮಾಡಿದ್ದೆಲ್ಲ ಅವ್ರ ತಿಂದ್ರು."

ಆ ತಿಂಗಳು ಗಂಡನಿಗೆ ಹೊತ್ತು ಹೊತ್ತಿಗೆ ಮಜ್ಜಿಗೆ ಕುಡಿಸಿದ್ದು, ಅಪ್ಪನ ಹಿಂದೆಯೇ ಬಂದಿದ್ದ ಸಕೀನಾಬಿಗೆ ನೆನಪಾಯಿತು. ಕಾರಣ ತಿಳಿದದ್ದು ಈಗ.

ಮಲಂಗಸಾಬರು ಕೈ ಒರೆಸಿಕೊಂಡು ಹೊರಟರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ಅಭ್ಯಾಸವಾದ ಮನುಷ್ಯ, ಒಂದು ಮಾತಿಗೆ ನಂಬುವವರಲ್ಲ. ಸೋಮಪ್ಪನ ಕೊರಳಿನ ಹಾರ ಮುಟ್ಟಿ, ಕಟ್ಟಿದವಳಿಗೆ ಕಸುಬು ಕಲಿಸಿದವರು ಯಾರು ಎಂದು ಕೇಳಿದರು. ಕುತುಬುದ್ದೀನನನ್ನು ಮೈಕಿನ ಪೆಟ್ಟಿಗೆಯ ಹಿಂದಿನಿಂದ ಎಬ್ಬಿಸಿ ಕೇಳಿದರು. ಪೆಂಡಾಲಿನ ಗೂಟ ಕೀಳುತ್ತಿದ್ದವನನ್ನೂ ಬಿಡಲಿಲ್ಲ. ಎಲ್ಲರೂ ಅದೇ ಕಂಬದ ಕಡೆಗೆ ಕೈ ತೋರಿಸಿದರು.

ಕೊನೆಗೆ ಕಂಬದ ಹತ್ತಿರವೇ ಬಂದು ನಿಂತರು. "ಗನಿಸಾಹೇಬ್ರ."

ಯಾರನ್ನು ಕರೆದರು ಎಂದು ಅಬ್ದುಲಗನಿ ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಮ್ಮ ಗೌಸಗ ಇಪ್ಪತ್ತೆಂಟು ಮುಗೀತು," ಎಂದರು ಮಲಂಗಸಾಬರು, ದನಿ ತಗ್ಗಿಸಿ. "ದರ್ಗಾ ದರ್ಗಾಕ್ಕ ಹರಕಿ ಹೊತ್ತಾತು, ಒಂದು ಕಡ್ಡಿ ಎತ್ತಿಡಂಗಿಲ್ಲ. ನಿಮ್ಮ ಕೈಲಿ ಏನರ ಆಕ್ಕತೇನು ನೋಡ್ರಿ."

ಮೂಗಿನ ಮೇಲಿದ್ದ ಸೆರಗನ್ನು ಸಕೀನಾಬಿ ಮೆಲ್ಲಗೆ ತೆಗೆದಳು.

ಅಬ್ದುಲಗನಿ ಭಾವಮೈದುನನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗೌಸ ಎಂಟನೆಯ ಮಿರ್ಚಿಯಲ್ಲಿದ್ದ.

"ಆಕ್ಕತಿ ಮಾಮಾ. ಗುಡ್ಡವ್ವಗ ಮೋಟೆಬೆನ್ನೂರಿನ ತ್ವಾಟದಿಂದ ಹೂ ತಂದು ಕೊಡೋರು ಬೇಕಾಗ್ಯಾರ. ಇವತ್ತ ನಮ್ಮ ಮನ್ಯಾಗ ಉಳೀಲಿ. ನಾಳೆ ನಸಕಿನ್ಯಾಗ ಐದಕ್ಕ ಸುರು."

ಗೌಸನ ಗಂಟಲಲ್ಲಿ ಮಿರ್ಚಿ ನಿಂತುಬಿಟ್ಟಿತು. "ಐದಕ್ಕ? ಅಷ್ಟೊತ್ತಿಗೆ ಬಸ್ಸೆಲ್ಲಿ ಐತಿ ಭಾವಾ?"

"ಬಸ್ಸ್ಯಾಕಲೇ?" ಎಂದರು ಮಲಂಗಸಾಬರು. "ಸೈಕಲ್ ತುಳಿ!"